ಅಂಬಲಿಯ ವಾಸನೆ ಮತ್ತು ಗುದ್ದು ಯರ್ರಪ್ಪನ ಹತ್ತು ದಿನ

1937ರ ಬೇಸಿಗೆಯಲ್ಲಿ ನನ್ನನ್ನು ಮುಳಬಾಗಿಲಿನ ಡಿಸ್ಪೆನ್ಸರಿಗೆ ಸಬ್-ಅಸಿಸ್ಟೆಂಟ್ ಸರ್ಜನ್ ಆಗಿ ಹಾಕಿದರು. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಎಂ.ಬಿ.ಬಿ.ಎಸ್. ಓದಿದವರು ಅಸಿಸ್ಟೆಂಟ್ ಸರ್ಜನ್, ನಾಲ್ಕು ವರ್ಷದ ಎಲ್.ಎಂ.ಪಿ. ಓದಿದ ನನ್ನಂಥವರು ಅವರ ಕೆಳಗಿನ 'ಸಬ್'. ನನಗಾಗ ಇಪ್ಪತ್ತೇಳು ವರ್ಷ. ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ, ಅನ್ನ ಸಾರು ಮಜ್ಜಿಗೆಯ ಮನೆಯಲ್ಲಿ. ತಿಳಿಯದ್ದನ್ನು ತಿಳಿಯದು ಎನ್ನಲು ನಾಚಿಕೆ, ಯಾರಾದರೂ ಎರಡು ಸಲ ಕೇಳಿದರೆ ಸಿಡುಕು. ಈ ಎರಡು ಗುಣಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ಅನಾಹುತಕ್ಕೆಲ್ಲ ಅವೇ ಕಾರಣ.

ಡಿಸ್ಪೆನ್ಸರಿ ಎಂದರೆ ಒಂದು ಹೆಂಚಿನ ಕಟ್ಟಡ, ಮುಂದೆ ಉದ್ದ ಜಗಲಿ, ಒಳಗೆ ಎರಡು ಹಾಸಿಗೆ. ಔಷಧ ಕಲಸಿ ಕೊಡಲು ಕಾಂಪೌಂಡರ್ ಬಾಷಾ ಸಾಹೇಬರಿದ್ದರು. ನನಗಿಂತ ಮೊದಲು ನಾಲ್ಕು ಜನ ಡಾಕ್ಟರುಗಳನ್ನು ನೋಡಿದವರು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಕೇಳದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಅದನ್ನು ನಾನು ವಿಧೇಯತೆ ಎಂದುಕೊಂಡಿದ್ದೆ.

ಆ ಜೂನ್ ತಿಂಗಳ ಒಂದು ಬೆಳಿಗ್ಗೆ, ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರ ಚೀಟಿ ಹಿಡಿದುಕೊಂಡು ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಬಂದ. ಹೆಸರು ಯರ್ರಪ್ಪ, ತಾಯಲೂರಿನ ಹತ್ತಿರದ ಹಳ್ಳಿ, ವಯಸ್ಸು ಸುಮಾರು ಮೂವತ್ತೈದು. ಈತನನ್ನು ಡ್ರಿಲ್ ಮಾಸ್ಟರ್ ಕೆಲಸಕ್ಕೆ ತೆಗೆದುಕೊಳ್ಳುವುದಿದೆ, ದೇಹ ಪರೀಕ್ಷೆ ಮಾಡಿ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಿ ಎಂದು ಚೀಟಿಯಲ್ಲಿತ್ತು. ಮೂಗು ಒಂದು ಕಡೆಗೆ ವಾಲಿತ್ತು, ಕಿವಿಯೊಂದು ಮುದುಡಿತ್ತು. ಬಾಷಾ ಸಾಹೇಬರು ಅವನನ್ನು ಕಂಡದ್ದೇ ಎದ್ದು ನಿಂತರು. ಯಾರಿದು ಎಂದು ನಾನು ಕೇಳಿದ್ದಕ್ಕೆ, "ಗುದ್ದು ಯರ್ರಪ್ಪ ಸಾರ್, ಬಾಕ್ಸರ್" ಎಂದರು.

ಯರ್ರಪ್ಪ ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದ. ಅಲ್ಲಿನ ಇಂಗ್ಲಿಷ್ ದೊರೆಗಳಿಗೆ ಬಾಕ್ಸಿಂಗಿನ ಹುಚ್ಚು. ಗರಡಿ ಕುಸ್ತಿ ಕಂಡ ನಮ್ಮ ಜನಕ್ಕೆ ಅದು ವಿಚಿತ್ರ ಆಟ. ಹಿಡಿಯುವ ಹಾಗಿಲ್ಲ, ಕೆಡವಿ ಮೇಲೆ ಕೂರುವ ಹಾಗಿಲ್ಲ, ಕೈಗೆ ದಪ್ಪ ಗ್ಲೌಸು ಹಾಕಿಕೊಂಡು ಮುಖ ಮೋರೆ ನೋಡದೆ ಗುದ್ದುವುದಷ್ಟೆ. ಒಬ್ಬ ನೆಲಕ್ಕೆ ಬಿದ್ದರೆ ಪಂಚಾಯ್ತಿಗೆ ನಿಂತ ರೆಫರಿ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ. ಹತ್ತರೊಳಗೆ ಎದ್ದರೆ ಆಟ ಉಂಟು, ಏಳದಿದ್ದರೆ ಮುಗಿಯಿತು. ಯರ್ರಪ್ಪ ಒಂಬತ್ತು ವರ್ಷ ಹೀಗೆ ಗುದ್ದಿ, ಗುದ್ದಿಸಿಕೊಂಡು, ಕೊನೆಗೆ ಸಾಕೆನಿಸಿ ಊರಿಗೆ ಬಂದಿದ್ದ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅಂದು ನಾನು ಹೆಚ್ಚೇನೂ ಕೇಳಲಿಲ್ಲ. ನಾಲಿಗೆ ಚಾಚು ಎಂದೆ, ನಾಲಿಗೆ ನಡುಗಿತು. ಕಣ್ಣು ಮುಚ್ಚಿ ನೆಟ್ಟಗೆ ನಿಲ್ಲು ಎಂದೆ, ಮೈ ತೂಗಾಡಿತು. ಮಾತು ತೊದಲು, ಬಾಯಿಂದ ಹುಳಿಹುಳಿ ವಾಸನೆ. ನನಗೆ ಅನುಮಾನವೇ ಉಳಿಯಲಿಲ್ಲ. ಬೆಳಗಾಗುವ ಮೊದಲೇ ಹೆಂಡ ಕುಡಿದು ಬಂದು ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಾನಂತೆ ಎಂದು ಮೈ ಉರಿಯಿತು. ಇಂಗ್ಲಿಷಿನಲ್ಲಿ ಎರಡೇ ಸಾಲು ಗೀಚಿದೆ: ಕುಡಿತದ ಚಟವಿದೆ, ಮಕ್ಕಳ ನಡುವಿನ ಕೆಲಸಕ್ಕೆ ಅನರ್ಹ. ಸಹಿ ಮಾಡಿ ಸೀಲು ಒತ್ತಿದೆ.

"ಏನ್ ಬರೆದ್ರಿ ಸ್ವಾಮಿ?" ಎಂದು ಕೇಳಿದ.

"ಅದು ಹೆಡ್‌ಮಾಸ್ಟರಿಗೆ ಬರೆದದ್ದು. ಅವರು ಹೇಳ್ತಾರೆ, ಹೋಗು."

ಕಾಗದವನ್ನು ಜೋಪಾನವಾಗಿ ಮಡಿಸಿ ರುಮಾಲಿನೊಳಗೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ ಮುಗಿದು ಹೊರಟ. ಹೊರಗೆ ಕಾಲರಾ ಸೂಜಿಗೆ ಸಾಲು ನಿಂತಿತ್ತು. ಸಂಜೆಯ ಹೊತ್ತಿಗೆ ನಾನು ಅವನನ್ನು ಮರೆತಿದ್ದೆ.

ಎಂಟು ತಿಂಗಳು ಕಳೆದವು. 1938ರ ಫೆಬ್ರವರಿಯಲ್ಲಿ ಒಂದು ಎತ್ತಿನ ಗಾಡಿ ಡಿಸ್ಪೆನ್ಸರಿಯ ಮುಂದೆ ನಿಂತಿತು. ಗಾಡಿಯಲ್ಲಿ ಯರ್ರಪ್ಪ, ಅವನ ಕೈಗೆ ಎತ್ತಿನ ಹಗ್ಗದ ಕಟ್ಟು. ಪಕ್ಕದಲ್ಲಿ ಹೆಂಡತಿ ಚೌಡಮ್ಮ, ಜೊತೆಗೆ ಊರಿನ ಪಟೇಲರು. ಪಟೇಲರ ಕೈಯಲ್ಲಿ ಅಮಲ್ದಾರರ ಪತ್ರ. ತಾಲ್ಲೂಕಿನ ಅಮಲ್ದಾರರಿಗೆ ಆಗ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇತ್ತು. ಈ ವ್ಯಕ್ತಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಊರಿನವರು ಅರ್ಜಿ ಕೊಟ್ಟಿದ್ದಾರೆ, ಹತ್ತು ದಿನ ನಿಗಾದಲ್ಲಿಟ್ಟು ವರದಿ ಕೊಡಿ, ಹೌದಾದರೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕಳಿಸುತ್ತೇವೆ ಎಂದು ಬರೆದಿದ್ದರು.

ಊರಿನವರದೂ ಸುಳ್ಳು ದೂರಲ್ಲ. ಯರ್ರಪ್ಪ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೂ ಬೀದಿ ಬೀದಿ ನಡೆಯುತ್ತಿದ್ದ. ಗೋಡೆಗೆ ಎದುರಾಗಿ ಮುಷ್ಟಿ ಎತ್ತಿ ನಿಲ್ಲುತ್ತಿದ್ದ. ಸಂತೆಯಲ್ಲಿ ಗಾಡಿಯವನೊಬ್ಬ ಸಲಿಗೆಯಿಂದ ಹಿಂದಿನಿಂದ ಹೆಗಲ ಮೇಲೆ ಕೈ ಹಾಕಿದಾಗ ತಿರುಗಿ ಒಂದೇ ಒಂದು ಏಟು ಕೊಟ್ಟಿದ್ದ. ಗಾಡಿಯವನ ಎರಡು ಹಲ್ಲು ಹೋಗಿದ್ದವು.

"ಹಿಂದಿನಿಂದ ಮುಟ್ಟಬೇಡ್ರಪ್ಪ ಅಂತ ಊರಿಗೆಲ್ಲ ಹೇಳಿದ್ದೆ ಸ್ವಾಮಿ" ಎಂದಳು ಚೌಡಮ್ಮ. "ಬೆಂಗ್ಳೂರಿಗೆ ಮಾತ್ರ ಬರೀಬೇಡಿ. ಗುರುತಿಲ್ಲದ ಜಾಗದಲ್ಲಿ ಈವಯ್ಯ ಉಳಿಯಲ್ಲ."

ಅರ್ಜಿಯ ಜೊತೆ ಸಾಕ್ಷಿಗೆಂದು ಇನ್ನೊಂದು ಕಾಗದ ಲಗತ್ತಾಗಿತ್ತು. ಬಿಡಿಸಿ ನೋಡಿದೆ. ಎರಡೇ ಸಾಲು, ನನ್ನದೇ ಅಕ್ಷರ, ನನ್ನದೇ ಸೀಲು. ಆಗಲೂ ನನಗೆ ನಾಚಿಕೆಯಾಗಲಿಲ್ಲ. ನಾನು ಅಂದೇ ಹೇಳಿದ್ದೆನಲ್ಲ ಎಂದು ಸ್ವಲ್ಪ ಹೆಮ್ಮೆಯೇ ಆಯಿತು.

ಹಗ್ಗ ಬಿಚ್ಚಿಸಿ ಒಳಗೆ ಸೇರಿಸಿಕೊಂಡೆ. ನರಗಳನ್ನು ತಣಿಸಲು ಆ ಕಾಲದಲ್ಲಿ ಎಲ್ಲರಿಗೂ ಕೊಡುತ್ತಿದ್ದ ಬ್ರೋಮೈಡ್ ಮಿಕ್ಸ್ಚರ್ ಕೊಟ್ಟೆ. ಬಾಗಿಲಿಗೆ ಒಬ್ಬ ಪೊಲೀಸಿನವನನ್ನು ಕೂರಿಸಿದರು. ಯರ್ರಪ್ಪ ಜಗಲಿಯ ಮೇಲೆ ನಡೆಯತೊಡಗಿದ. ಆ ತುದಿಗೆ ಹದಿನಾಲ್ಕು ಹೆಜ್ಜೆ, ಈ ತುದಿಗೆ ಹದಿನಾಲ್ಕು. ರೋಗಿಗಳು ಗೋಡೆಗೆ ಅಂಟಿಕೊಂಡು ಕೂತರು. ನಾನು ಒಳಗೆ ರಿಜಿಸ್ಟರ್ ಬರೆಯುತ್ತಿದ್ದರೆ ಹೆಜ್ಜೆಯ ಸದ್ದಿಗೆ ಸರಿಯಾಗಿ ನನ್ನ ಕಾಲೂ ಮೇಜಿನ ಕೆಳಗೆ ಅಲ್ಲಾಡುತ್ತಿತ್ತು. ಹೆಸರಿನ ಜಾಗದಲ್ಲಿ ವಯಸ್ಸು ಬರೆದೆ, ವಯಸ್ಸಿನ ಜಾಗದಲ್ಲಿ ಊರು ಬರೆದೆ. ಎರಡನೆಯ ದಿನ ತಾಳ್ಮೆ ಕೆಟ್ಟು, "ಕೂತ್ಕೋ ಮಾರಾಯ" ಎಂದು ಗದರಿದೆ. ಕೂತ. ತುಟಿ ಅಲ್ಲಾಡಿತು, ಮೈಯೆಲ್ಲ ಬಿಗಿಯಿತು, ಥಟ್ಟನೆ ಎದ್ದುಬಿಟ್ಟ. ಮತ್ತೆ ಕೂರಿಸಿದೆ, ಮತ್ತೆ ಎದ್ದ. ಗಡಿಯಾರ ಹಿಡಿದು ನೋಡಿದೆ. ಎಂಟು ಸೆಕೆಂಡು, ಒಂಬತ್ತು ಸೆಕೆಂಡು, ಎಷ್ಟು ಸಲ ಕೂರಿಸಿದರೂ ಅಷ್ಟೆ. ಊಟವೂ ನಿಂತೇ ಮಾಡುತ್ತಿದ್ದ. ಚೌಡಮ್ಮ ಅವನ ತಲೆಯ ಮೇಲೆ ಕೈ ಇಟ್ಟು ಕೂತರೆ ಮಾತ್ರ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ನಾಡಿ ನೋಡಲು ಹತ್ತಿರ ಹೋದರೆ ಮತ್ತೆ ಅದೇ ಹುಳಿ ವಾಸನೆ. ಪೊಲೀಸಿನವನ ಕಾವಲಿದೆ, ಆಸ್ಪತ್ರೆಯೊಳಗಿದ್ದಾನೆ, ಆದರೂ ಬಾಯಲ್ಲಿ ಹೆಂಡ. ಚೌಡಮ್ಮ ಆಗಷ್ಟೇ ಮಣ್ಣಿನ ಕುಡಿಕೆ ತೊಳೆಯಲು ಹೊರಟಿದ್ದಳು. ರೋಗಿಗಳೆಲ್ಲರ ಮುಂದೆ ಅವಳ ಮೇಲೆ ಹರಿಹಾಯ್ದೆ. "ಸರ್ಕಾರಿ ಆಸ್ಪತ್ರೆಗೆ ಹೆಂಡ ತರ್ತೀಯಾ? ನೀನೇ ಕುಡಿಸಿ ಕೆಡಿಸ್ತಿದೀಯ."

ಅವಳು ಬೆದರಲಿಲ್ಲ. ನೆಟ್ಟಗೆ ಬಂದು ಕುಡಿಕೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ಮೂಸಿ ನೋಡ್ರಿ ಸ್ವಾಮಿ. ಅಂಬಲಿ. ನಿನ್ನೆ ರಾಗಿ ಗಂಜಿ ಹುಳಿಗೆ ಬಿಟ್ಟು, ಇವತ್ತು ಈರುಳ್ಳಿ ಹಾಕಿ ಕೊಟ್ಟಿದೀನಿ. ನಮ್ಮ ಸೀಮೆಯಾಗೆ ಬೆಳಿಗ್ಗೆ ಎಲ್ಲರ ಬಾಯೂ ಹಿಂಗೇ ವಾಸನೆ. ಈವಯ್ಯ ಗಣಿಗೆ ಹೋಗೋವಾಗ ಆಂಜನೇಯನ ಮುಂದೆ ಆಣೆ ಮಾಡಿದ್ರು, ಹೆಂಡ ನಾಲಿಗೆಗೆ ತಾಕಿಸಿಲ್ಲ."

ಜಗಲಿಯ ಮೇಲಿದ್ದ ರೋಗಿಗಳಲ್ಲಿ ಯಾರೋ ಕಿಸಕ್ಕೆಂದರು. ನಾನು ಬಾಷಾ ಸಾಹೇಬರ ಮುಖ ನೋಡಿದೆ. ಅವರು ಔಷಧದ ಬಾಟಲಿಯ ಚೀಟಿ ಓದುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ನೀವು ಕೇಳ್ಲಿಲ್ಲ."

ಅಂದು ಮಧ್ಯಾಹ್ನ ಅವರನ್ನೇ ಕರೆದುಕೊಂಡು ಊರಾಚೆಯ ಹೆಂಡದಂಗಡಿಯ ಹಿಂಬದಿಗೆ ಹೋದೆ. ಈಚಲ ಹೆಂಡ ಹೇಗಿರುತ್ತದೆ ಎಂದು ಹುಟ್ಟಿದಂದಿನಿಂದ ಮೊದಲ ಸಲ ಮೂಸಿದೆ. ಅಂಗಡಿಯವನು ಡಾಕ್ಟರ್ ಸ್ವಾಮಿಗಳು ದಾರಿಗೆ ಬಂದರೆಂದು ತಿಳಿದು ಮಣೆ ಹಾಕಿದ. ಅದರಲ್ಲೂ ಹುಳಿಯಿತ್ತು. ಆದರೆ ಒಮ್ಮೆ ಎರಡನ್ನೂ ಮೂಸಿದವನು ಒಂದನ್ನು ಇನ್ನೊಂದೆಂದು ಬರೆಯಲಾರ. ಕುಡಿತವನ್ನು ಕಾಣದ ಮನೆಯಲ್ಲಿ ಬೆಳೆದೆ ಎಂದು ಬೀಗುತ್ತಿದ್ದ ನಾನು, ಕಾಣದ್ದರ ಬಗ್ಗೆಯೇ ಸರ್ಟಿಫಿಕೇಟ್ ಕೊಟ್ಟಿದ್ದೆ.

ಹಾಗಾದರೆ ತೊದಲು ಎಲ್ಲಿಂದ ಬಂತು? ಆ ನಡುಕ, ಆ ತೂಗಾಟ? ಮರುದಿನ ಬ್ರೋಮೈಡ್ ನಿಲ್ಲಿಸಿದೆ. ಅವನನ್ನು ಕೂರಿಸುವ ಹಟ ಬಿಟ್ಟು, ನಾನೂ ಅವನ ಪಕ್ಕದಲ್ಲಿ ಜಗಲಿಯ ಮೇಲೆ ನಡೆಯುತ್ತ ಎಂಟು ತಿಂಗಳ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದೆ. ಎಷ್ಟು ಸಲ ತಲೆಗೆ ಏಟು ಬಿತ್ತು? "ಎಣಿಸಿಲ್ಲ ಸ್ವಾಮಿ." ಪ್ರಜ್ಞೆ ತಪ್ಪಿದ್ದುಂಟಾ? "ಕಡೇ ವರ್ಷ ಮೂರು ಸಲ. ಎದ್ದಾಗ ಹೆಂಡ್ತಿ ಹೆಸ್ರು ನೆನಪಾಗ್ಲಿಲ್ಲ." ತಲೆಗೆ ಮೇಲಿಂದ ಮೇಲೆ ಏಟು ಬಿದ್ದ ಬಾಕ್ಸರುಗಳಿಗೆ, ಆಟ ಬಿಟ್ಟ ಮೇಲೆಯೂ ಕುಡಿದವರ ಹಾಗೆ ನಾಲಿಗೆ ತೊಡರುತ್ತದೆ, ಕಾಲು ತಪ್ಪುತ್ತದೆ, ಮನಸ್ಸು ಕದಡುತ್ತದೆ ಎಂದು ವಿದೇಶದ ಡಾಕ್ಟರುಗಳು ಬರೆದಿದ್ದಾರೆ ಎಂದು, ನಾನು ಎಲ್.ಎಂ.ಪಿ. ಓದುವಾಗ ನಮ್ಮ ಮೇಷ್ಟರೊಬ್ಬರು ಒಂದು ಮಾತು ಹೇಳಿದ್ದರು. ಪರೀಕ್ಷೆಗೆ ಬರುವ ವಿಷಯವಲ್ಲವೆಂದು ನಾನು ಬರೆದುಕೊಂಡಿರಲಿಲ್ಲ.

"ಕೂತ್ರೆ ಯಾಕೆ ಎದ್ದುಬಿಡ್ತೀಯ ಯರ್ರಪ್ಪ?"

ಅವನು ನಡೆಯುವುದನ್ನು ನಿಲ್ಲಿಸಿದ. ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದ.

"ಎಣಿಸ್ತಾರೆ ಸ್ವಾಮಿ. ಕೆಳಗೆ ಕೂತ ತಕ್ಷಣ ಕಿವಿಯಾಗೆ ವನ್, ಟೂ, ತ್ರೀ ಅಂತ ಶುರು. ಟೆನ್ ಅನ್ನೋದ್ರೊಳಗೆ ಏಳ್ಬೇಕು. ಏಳ್ದಿದ್ರೆ ಔಟು. ಮೂರು ಸಲ ಔಟಾಗಿದೀನಿ, ಸಾಕು."

"ಗಣಿಯಿಂದ ಬಂದಾಗಿನಿಂದಲೂ ಹೀಗೇನಾ?"

"ಬಂದಾಗ ಅಪರೂಪಕ್ಕೆ ಬರೋದು. ಸ್ಕೂಲಾಗೆ ಮಕ್ಕಳ ಜೊತೆ ಓಡಾಡ್ಕೊಂಡಿದ್ರೆ ಹೋಗ್ತದೆ ಅಂದ್ಕೊಂಡಿದ್ದೆ. ಹೆಡ್‌ಮಾಸ್ಟರು ನಿಮ್ಮ ಕಾಗದ ಎಲ್ಲರ ಮುಂದೆ ಓದಿ ಹೇಳಿದ್ರು. ಕುಡುಕ ಅಂತ ಊರಿಗೆಲ್ಲ ಆಯ್ತು. ಯಾರೂ ಕೆಲಸಕ್ಕೆ ಕರೀಲಿಲ್ಲ. ಆಮೇಲೆ ದಿನಾ ಬರೋಕೆ ಶುರುವಾಯ್ತು." ಸಿಟ್ಟಿಲ್ಲದೆ ಹೇಳಿದ: "ರಿಂಗಾಗೆ ಬಿದ್ದೋನಿಗೆ ಹತ್ತು ಎಣಿಸ್ತಾರೆ ಸ್ವಾಮಿ, ಏಳೋಕೆ ಟೈಮ್ ಕೊಡ್ತಾರೆ. ನೀವು ಎಣಿಸ್ಲೂ ಇಲ್ಲ."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳು ಬಂತು ಎಂದು ಹೇಳಲು ಈ ವಯಸ್ಸಿನಲ್ಲಿ ಸಂಕೋಚವಿಲ್ಲ.

ಆದರೆ ಅಳುವುದು ಸುಲಭ, ಬರೆಯುವುದು ಕಷ್ಟ. ಅಮಲ್ದಾರರು ಹೇಳಿದ ಹತ್ತು ದಿನದ ಲೆಕ್ಕ ಯರ್ರಪ್ಪನಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ನನ್ನನ್ನು ಕಂಡೊಡನೆ, "ಇವತ್ತು ಎಷ್ಟು ಸ್ವಾಮಿ?" ಎನ್ನುತ್ತಿದ್ದ. ಆರು ಎಂದೆ. ಏಳು ಎಂದೆ. ಏಳು ಎಂದಾಗ ಅವನ ನಡಿಗೆ ಜೋರಾಯಿತು. ನಾನು ರೆಫರಿಯಾಗಿಬಿಟ್ಟಿದ್ದೆ, ನನ್ನ ಬಾಯಿಂದಲೇ ಎಣಿಕೆ ಹೊರಡುತ್ತಿತ್ತು. ಹತ್ತಾದಾಗ ಇವನ ಸ್ಥಿತಿ ಏನಾಗುತ್ತದೋ ಎಂದು ನನಗೂ ಕೂರಲಾಗದ ಹಾಗಾಯಿತು.

ಎಂಟನೆಯ ದಿನ ಒಂದು ಜಾಣ ವರದಿ ಬರೆದುಕೊಂಡು ಅಮಲ್ದಾರರ ಹತ್ತಿರ ಹೋದೆ. ಈತನ ತೊಂದರೆ ತಲೆಗೆ ಬಿದ್ದ ಏಟಿನಿಂದ ಬಂದದ್ದು, ಹೆಂಡತಿಯ ಆರೈಕೆಯಲ್ಲಿರಬಹುದು ಎಂದಷ್ಟೇ ಇತ್ತು. ಹಳೆಯ ಸರ್ಟಿಫಿಕೇಟಿನ ಸುದ್ದಿಯೇ ಇರಲಿಲ್ಲ. ಅಮಲ್ದಾರರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟರು.

"ಇದರಲ್ಲಿ ಕುಡುಕ ಅಂತೀರಿ, ಇದರಲ್ಲಿ ಅಲ್ಲ ಅಂತೀರಿ. ಎರಡೂ ನಿಮ್ಮದೇ ಸಹಿ. ನಾಳೆ ಇನ್ನೊಬ್ಬನ ಹಲ್ಲು ಉದುರಿದರೆ ನನ್ನನ್ನು ಕೇಳ್ತಾರೆ. ಯಾವುದನ್ನ ನಂಬಲಿ, ಹೇಳಿ. ಒಂದನ್ನ ನೀವೇ ಹೊಡೆದು ಹಾಕಬೇಕು."

ಹೊಡೆದು ಹಾಕುವುದೆಂದರೆ, ನಾನು ತಪ್ಪು ರೋಗ ಬರೆದೆ ಎಂದು ನನ್ನ ಕೈಯಾರೆ ಬರೆದು ಕೋಲಾರದ ಜಿಲ್ಲಾ ವೈದ್ಯಾಧಿಕಾರಿಗಳಿಗೂ ಪ್ರತಿ ಕಳಿಸುವುದು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಒಂಬತ್ತನೆಯ ದಿನ ಪೂರ್ತಿ ಬರೆದೆ, ಹರಿದೆ, ಮತ್ತೆ ಬರೆದೆ. ಹೊರಗೆ ಹದಿನಾಲ್ಕು ಹೆಜ್ಜೆ ಆ ಕಡೆ, ಹದಿನಾಲ್ಕು ಈ ಕಡೆ. ಸಂಜೆ ಕಸದ ಬುಟ್ಟಿ ಎತ್ತಲು ಬಂದ ಬಾಷಾ ಸಾಹೇಬರು ಅದರೊಳಗಿನ ಚೂರುಗಳನ್ನು ನೋಡಿದರು.

"ಸಾರ್, ತಪ್ಪು ಬರೆಯೋಕೆ ನಿಮಗೆ ಅರ್ಧ ನಿಮಿಷ ಸಾಕಾಯ್ತು" ಎಂದರು. ನಾನು ಕೇಳದೆಯೇ ಅವರು ಆಡಿದ ಮೊದಲ ಮಾತು ಅದು. "ಗೊತ್ತಿದ್ದೂ ಸುಮ್ಮನಿದ್ದದ್ದು ನನ್ನ ತಪ್ಪು. ಬೇಕಾದ್ರೆ ಅದನ್ನೂ ಬರೀರಿ."

ಅವರದನ್ನು ಬರೆಯಲಿಲ್ಲ. ನನ್ನದನ್ನು ಬರೆದೆ. ಹತ್ತನೆಯ ದಿನ ಬೆಳಿಗ್ಗೆ ಯರ್ರಪ್ಪ ಎಂದಿನಂತೆ ದಿನ ಕೇಳಲಿಲ್ಲ, ಜಗಲಿಯ ಕಂಬ ಹಿಡಿದು ನಿಂತಿದ್ದ. ಚೌಡಮ್ಮನೂ ಎದ್ದು ನಿಂತಳು. ಕಾಗದ ಹಿಡಿದುಕೊಂಡು ಅವನ ಮುಂದೆ ಬಂದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಒಂದೊಂದು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಯರ್ರಪ್ಪನಿಗೆ ಕುಡಿತದ ಅಭ್ಯಾಸವಿಲ್ಲ. ಹಿಂದಿನ ವರ್ಷ ನಾನು ಕೊಟ್ಟ ಸರ್ಟಿಫಿಕೇಟ್ ತಪ್ಪು. ಅಂಬಲಿಯ ವಾಸನೆಯನ್ನು ಹೆಂಡವೆಂದು ತಿಳಿದು ಬರೆದದ್ದು. ಆಟದಲ್ಲಿ ತಲೆಗೆ ಬಿದ್ದ ಏಟಿನಿಂದ ನರಗಳಿಗೆ ಪೆಟ್ಟಾಗಿದೆ. ಮನಸ್ಸು ನೊಂದಿದೆ, ಬುದ್ಧಿ ಕೆಟ್ಟಿಲ್ಲ. ಹಿಂದಿನಿಂದ ಯಾರೂ ಮುಟ್ಟಬಾರದು. ಮೈಗೆ ಕೆಲಸ ಕೊಟ್ಟು ಮನೆಯಲ್ಲೇ ಇಟ್ಟುಕೊಳ್ಳಬಹುದು.

"ಇನ್ನೊಂದ್ಸಲ ಓದ್ತೀರಾ ಸ್ವಾಮಿ?" ಎಂದ.

ಎರಡು ಸಲ ಕೇಳಿದರೆ ಸಿಡುಕುತ್ತಿದ್ದವನು ಮತ್ತೊಮ್ಮೆ ಓದಿದೆ. ಓದುತ್ತಿರುವಾಗಲೇ ಅವನು ಕಂಬಕ್ಕೆ ಒರಗಿ ಮೆಲ್ಲಗೆ ಕೆಳಗೆ ಕೂತ. ಹತ್ತು ಸೆಕೆಂಡು ಕಳೆಯಿತು, ಇಪ್ಪತ್ತು ಕಳೆಯಿತು, ಓದಿ ಮುಗಿಸುವವರೆಗೂ ಕೂತಿದ್ದ. ಆಮೇಲೆ ಎದ್ದು ಮತ್ತೆ ನಡೆಯತೊಡಗಿದ. ಪವಾಡವೇನೂ ಆಗಲಿಲ್ಲ.

ನೋಡಿಕೊಳ್ಳುವ ಹೊಣೆ ತನ್ನದೆಂದು ಚೌಡಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡು ಅಮಲ್ದಾರರು ಅವನನ್ನು ಮನೆಗೆ ಕಳಿಸಿದರು. ಶಾಲೆಯ ಕೆಲಸಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು, ಅದನ್ನು ನನ್ನಿಂದ ಹಿಂದಕ್ಕೆ ತರಲಾಗಲಿಲ್ಲ. ಬಾಷಾ ಸಾಹೇಬರೇ ಚೌಡಮ್ಮನ ಅಣ್ಣನನ್ನು ಕಂಡು ಒಪ್ಪಿಸಿ, ಅವನ ಹಿಪ್ಪುನೇರಳೆ ತೋಟದ ಬಾವಿಯಲ್ಲಿ ಕಪಿಲೆ ಹೊಡೆಯುವ ಕೆಲಸಕ್ಕೆ ಹಚ್ಚಿದರು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತದೆ. ಅವುಗಳ ಜೊತೆ ಇಳಿಯಬೇಕು, ಮತ್ತೆ ಹಿಂದೆ ಹೆಜ್ಜೆ ಹಾಕಿಸಿಕೊಂಡು ಹತ್ತಬೇಕು. ದಿನವಿಡೀ ನಡೆದರೂ ಯಾರೂ ಹುಚ್ಚನೆನ್ನುವುದಿಲ್ಲ. ಊರಿನವರೂ ಅವನ ಹತ್ತಿರ ಹೋಗುವಾಗ ದೂರದಿಂದಲೇ ಕೆಮ್ಮಿ, "ಯರ್ರಣ್ಣಾ" ಎಂದು ಕೂಗುವುದನ್ನು ರೂಢಿ ಮಾಡಿಕೊಂಡರು. ನನಗೆ ಕೋಲಾರದಿಂದ ಒಂದು ಖಾರವಾದ ಮೆಮೊ ಬಂತು, ಹಿಂದೆಯೇ ಮಾಲೂರಿಗೆ ವರ್ಗವಾಯಿತು.

1943ರಲ್ಲಿ ನಾನು ಶ್ರೀನಿವಾಸಪುರದಲ್ಲಿದ್ದೆ. ಯುದ್ಧದ ಕಾಲ, ಕ್ವಿನೈನ್ ಸಿಗದೆ ಪರದಾಡುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ರೋಗಿಗಳ ಸಾಲಿನಲ್ಲಿ ಚೌಡಮ್ಮ ನಿಂತಿದ್ದಳು. ಕಾಯಿಲೆಯೇನೂ ಇರಲಿಲ್ಲ. ನಂಟರ ಮನೆಗೆ ಬಂದವಳು ನಾನಿಲ್ಲಿರುವುದು ತಿಳಿದು ನೋಡಲು ಬಂದಿದ್ದಳು. ಯರ್ರಪ್ಪ ತೀರಿಹೋಗಿ ಆರು ತಿಂಗಳಾಗಿತ್ತು. ಕೊನೆಯ ವರ್ಷ ಕೈ ನಡುಕ ಹೆಚ್ಚಿ, ಮರೆವೂ ಹೆಚ್ಚಿ, ಅವಳೇ ತುತ್ತು ಇಡುತ್ತಿದ್ದಳಂತೆ.

"ಎಣಿಕೆ ನಿಂತಿತ್ತಾ?" ಎಂದು ಕೇಳಿದೆ.

"ಎಲ್ಲಿ ನಿಲ್ತದೆ ಸ್ವಾಮಿ. ಕಪಿಲೆ ಹೊಡೆಯೋರು ನೀರಿನ ಚೀಲ ಎಣಿಸ್ಕೊಂಡು ಹಾಡ್ತಾರಲ್ಲ, ಈವಯ್ಯ ಒಂಬತ್ತು ಅಂದು ನಿಲ್ಲಿಸಿ ಮತ್ತೆ ಒಂದರಿಂದ ಶುರು ಮಾಡೋರು. ಒಂದು ದಿನಾನೂ ಹತ್ತು ಅಂದೋರಲ್ಲ. ಎಷ್ಟು ನೀರು ಹೋಯ್ತು ಅಂತ ನಮ್ಮಣ್ಣಂಗೆ ಗೊತ್ತೇ ಆಗ್ತಿರಲಿಲ್ಲ." ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಡೇ ದಿನ ಮಾತ್ರ ಎಣಿಸ್ಲಿಲ್ಲ. ನನ್ನ ಕೈ ತಲೆ ಮೇಲಿತ್ತು, ಸುಮ್ಮನೆ ಮಲಗಿದ್ರು. ಕುಡುಕ ಅನ್ನಿಸ್ಕೊಂಡು ಹೋಗ್ಲಿಲ್ಲ, ಅಷ್ಟು ಸಾಕು."

ಮೂವತ್ತು ವರ್ಷ ಸರ್ಕಾರದ ಚಾಕರಿ ಮಾಡಿ ನಿವೃತ್ತನಾದೆ. ಸಾವಿರಾರು ಸರ್ಟಿಫಿಕೇಟುಗಳಿಗೆ ಸಹಿ ಹಾಕಿದ್ದೇನೆ. ಮುಳಬಾಗಿಲನ್ನು ಬಿಟ್ಟ ಮೇಲೆ ಒಂದನ್ನೂ, ಯಾರ ಬಗ್ಗೆ ಬರೆದೆನೋ ಅವರ ಭಾಷೆಯಲ್ಲಿ ಅವರಿಗೇ ಓದಿ ಹೇಳದೆ ಯಾರ ಕೈಗೂ ಕೊಟ್ಟಿಲ್ಲ. ಜೊತೆಯ ಡಾಕ್ಟರುಗಳು ಇದನ್ನು ನನ್ನ ಚಾಳಿ ಎಂದು ಹಾಸ್ಯ ಮಾಡುತ್ತಿದ್ದರು, ಹೊರಗೆ ಸಾಲು ಬೆಳೆಯುತ್ತಿದೆ ಎಂದು ಗೊಣಗುತ್ತಿದ್ದರು. "ಅದು ಹಂಗಲ್ಲ ಸ್ವಾಮಿ" ಎಂದು ಎದುರಿಗಿದ್ದವರು ನನ್ನನ್ನು ತಿದ್ದಿದ್ದು ಎಷ್ಟೋ ಸಲ. ಅಷ್ಟು ಹೇಳಲು ಒಬ್ಬ ಮನುಷ್ಯನಿಗೆ ಹತ್ತು ಎಣಿಸುವಷ್ಟು ಹೊತ್ತು ಬೇಕು. 1937ರ ಜೂನಿನಲ್ಲಿ, ಏನ್ ಬರೆದ್ರಿ ಎಂದು ಕೇಳಿದವನಿಗೆ ನಾನು ಅಷ್ಟು ಹೊತ್ತು ಕೊಟ್ಟಿರಲಿಲ್ಲ.